ಅಥೆನ್ಸಿಗಿಂತ ಮೊದಲು, ಸನ್ನತಿಯ ತನಕ

ಯಾದಗಿರಿ ಸೀಮೆಯ ರಾಮಸಮುದ್ರದಲ್ಲಿ ಕುಳಿತು ಗ್ರೀಕ್ ತತ್ವಶಾಸ್ತ್ರದ ಮಾತೆತ್ತಿದರೆ, ನಮಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಅದು ಸಾಕ್ರೆಟಿಸ್, ಪ್ಲೇಟೊ, ಅರಿಸ್ಟಾಟಲ್ ಎಂಬ ಮೂರು ಹೆಸರು. ಯಾರು ಗುರು, ಯಾರು ಶಿಷ್ಯ ಎಂಬುದು ಗೊತ್ತಿದ್ದರೆ ಮುಗಿಯಿತು. ಹೀಗೆ ಮೂರು ಹೆಸರಿಗೆ ಇಳಿದುಹೋದದ್ದರಿಂದಲೇ ಈ ವಿಷಯದಲ್ಲಿ ತಪ್ಪು ಕಲ್ಪನೆಗಳು ಇಷ್ಟು ಗಟ್ಟಿಯಾಗಿ ಬೇರೂರಿವೆ.

ಮೊದಲನೆಯದು, ಈ ತತ್ವಶಾಸ್ತ್ರ ಹುಟ್ಟಿದ್ದು ಅಥೆನ್ಸಿನಲ್ಲಿ ಎಂಬ ನಂಬಿಕೆ. ಅದು ಹುಟ್ಟಿದ್ದು ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಮಿಲೆಟಸ್ ಎಂಬ ಬಂದರು ಊರಿನಲ್ಲಿ, ಸಾಕ್ರೆಟಿಸ್ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲು. ಎಲ್ಲದರ ಮೂಲ ನೀರು ಎಂದ ಥೇಲ್ಸ್ ಆ ಊರಿನವನು. ಅವನು ಒಂದು ಸೂರ್ಯಗ್ರಹಣವನ್ನು ಮುಂಚಿತವಾಗಿಯೇ ಹೇಳಿದ್ದನೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಅದನ್ನು ಕ್ರಿ.ಪೂ. 585ರ ಗ್ರಹಣವೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಮೂಲವಸ್ತು ನೀರಾಗಿರಲಾರದು, ಅದಕ್ಕೆ ಎಲ್ಲೆಯೂ ಇಲ್ಲ, ನಿರ್ದಿಷ್ಟ ಗುಣವೂ ಇಲ್ಲ ಎಂದವನು ಅದೇ ಊರಿನ ಅನಾಕ್ಸಿಮಾಂಡರ್. ಇಬ್ಬರನ್ನೂ ಬಿಟ್ಟು ಗಾಳಿಯನ್ನು ಹಿಡಿದವನು ಅನಾಕ್ಸಿಮೆನೆಸ್. ನನ್ನ ಮಟ್ಟಿಗೆ ಇಲ್ಲಿ ದೊಡ್ಡದು ನೀರೂ ಅಲ್ಲ, ಗಾಳಿಯೂ ಅಲ್ಲ. ಹಿರಿಯನೊಬ್ಬ ಹೇಳಿದ್ದನ್ನು ಅವನ ಊರಿನವನೇ, ಅವನ ಹಿಂದೆಯೇ ಬಂದವನು, ಕಾರಣ ಕೊಟ್ಟು ತಿದ್ದಿದ. ತಿದ್ದಿದವನನ್ನು ಮತ್ತೊಬ್ಬ ತಿದ್ದಿದ. ಗ್ರೀಕ್ ತತ್ವಶಾಸ್ತ್ರದ ನಿಜವಾದ ಹುಟ್ಟು ಆ ತಿದ್ದುವಿಕೆಯಲ್ಲಿದೆ.

ಮುಂದಿನವರ ಊರುಗಳನ್ನು ನೋಡಿ. ಹೆರಾಕ್ಲಿಟಸ್ ಎಫೆಸಸ್‌ನವನು. ಪೈಥಾಗೊರಸ್ ಸಾಮೊಸ್ ದ್ವೀಪದಲ್ಲಿ ಹುಟ್ಟಿ ದಕ್ಷಿಣ ಇಟಲಿಯ ಕ್ರೊಟಾನ್‌ನಲ್ಲಿ ನೆಲೆಸಿದವನು. ಪಾರ್ಮೆನಿಡಿಸ್‌ನದೂ ಇಟಲಿಯ ಕರಾವಳಿಯ ಎಲಿಯಾ. ಡೆಮಾಕ್ರಿಟಸ್ ಉತ್ತರದ ಅಬ್ಡೆರಾದವನು. ಅರಿಸ್ಟಾಟಲ್ ಕೂಡ ಸ್ಟಗಿರಾದಿಂದ ಬಂದವನು. ಅಥೆನ್ಸಿನಲ್ಲಿ ಅವನಿಗೆ ಪೌರತ್ವವೇ ಇರಲಿಲ್ಲ. ಸ್ಟೋಯಿಕ್ ಪಂಥ ಕಟ್ಟಿದ ಜೀನೊ ಸೈಪ್ರಸ್ ದ್ವೀಪದವನು. ನಾವು ಬಾಯಿಪಾಠ ಮಾಡುವ ಹೆಸರುಗಳಲ್ಲಿ ಅಥೆನ್ಸಿನ ಮಕ್ಕಳು ಸಾಕ್ರೆಟಿಸ್ ಮತ್ತು ಪ್ಲೇಟೊ ಮಾತ್ರ. ಸಾಕ್ರೆಟಿಸ್ ಏನನ್ನೂ ಬರೆದಿಡಲಿಲ್ಲ, ಕ್ರಿ.ಪೂ. 399ರಲ್ಲಿ ಅವನಿಗೆ ಮರಣದಂಡನೆ ಕೊಟ್ಟಿದ್ದೂ ಅದೇ ಅಥೆನ್ಸ್.

ಗ್ರೀಕರು ಒಂದು ಬೆಳಗ್ಗೆ ಎದ್ದು ದೇವರನ್ನು ಬಿಟ್ಟು ತರ್ಕ ಹಿಡಿದರು ಎಂಬ ಮಾತೂ ಇದೆ. ಆದರೆ ತರ್ಕದಲ್ಲಿ ಎಲ್ಲರಿಗಿಂತ ಬಿಗಿಯಾದ ಪಾರ್ಮೆನಿಡಿಸ್ ತನ್ನ ವಾದವನ್ನು ಒಂದು ಕಾವ್ಯವಾಗಿ, ದೇವಿಯೊಬ್ಬಳು ಉಪದೇಶಿಸಿದಂತೆ ಬರೆದ. ಎಲ್ಲವೂ ದೇವತೆಗಳಿಂದ ತುಂಬಿದೆ ಎಂಬ ಮಾತು ಥೇಲ್ಸ್‌ನ ಹೆಸರಿನಲ್ಲೇ ಇದೆ.

ಇನ್ನು ನಮ್ಮ ಕಡೆಯ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ನಂಬಿಕೆ: ಎಲ್ಲವೂ ಇಲ್ಲಿಂದಲೇ ಹೋದದ್ದು, ಪೈಥಾಗೊರಸ್ ಭಾರತಕ್ಕೆ ಬಂದು ಕಲಿತು ಹೋದ. ಅವನು ಬದುಕಿದ್ದು ಕ್ರಿ.ಪೂ. 6ನೆಯ ಶತಮಾನದಲ್ಲಿ. ಅವನು ಬ್ರಾಹ್ಮಣರ ಬಳಿ ಕಲಿತನೆಂದು ಬರೆದ ಅಪುಲೇಯಸ್ ಕ್ರಿ.ಶ. 2ನೆಯ ಶತಮಾನದವನು. ಆರು ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಬರೆದ ಮಾತನ್ನು ಸಾಕ್ಷಿಯೆಂದು ಹಿಡಿಯಲಾಗದು. ನಮ್ಮ ವೈಶೇಷಿಕ ದರ್ಶನದ ಕಣಾದ ಮತ್ತು ಡೆಮಾಕ್ರಿಟಸ್ ಇಬ್ಬರೂ ಅಣುವಿನ ಬಗ್ಗೆ ಹೇಳಿದರು ನಿಜ. ಆದರೆ ವೈಶೇಷಿಕರ ಅಣುಗಳಲ್ಲಿ ಪೃಥ್ವಿ, ಜಲ, ತೇಜಸ್ಸು, ವಾಯು ಎಂಬ ನಾಲ್ಕು ಬಗೆ, ಒಂದೊಂದಕ್ಕೂ ತನ್ನದೇ ಗುಣ. ಡೆಮಾಕ್ರಿಟಸ್‌ನ ಅಣುಗಳಿಗೆ ಬಣ್ಣವಿಲ್ಲ, ರುಚಿಯಿಲ್ಲ. ಆಕಾರ, ಗಾತ್ರಗಳಲ್ಲಷ್ಟೇ ವ್ಯತ್ಯಾಸ. ಒಬ್ಬರದನ್ನು ಇನ್ನೊಬ್ಬರು ಕದ್ದರು ಎನ್ನುವವರು ಇಬ್ಬರನ್ನೂ ಓದಿಲ್ಲ. ಗ್ರೀಕರು ಸಾಲ ಪಡೆದಿದ್ದಾರೆ, ಅದನ್ನು ಒಪ್ಪಿಕೊಂಡೂ ಇದ್ದಾರೆ. ರೇಖಾಗಣಿತ ಈಜಿಪ್ಟಿನಿಂದ ಬಂತೆಂದು ಹೆರೊಡೊಟಸ್ ಹೇಳುತ್ತಾನೆ. ಆಕಾಶದ ಲೆಕ್ಕದಲ್ಲಿ ಬ್ಯಾಬಿಲೋನ್ ಅವರಿಗಿಂತ ಬಹಳ ಮುಂದಿತ್ತು.

ಭಾರತದೊಂದಿಗೆ ಮುಖಾಮುಖಿ ಆದದ್ದು ಅಲೆಕ್ಸಾಂಡರ್ ಬಂದ ಮೇಲೆ. ಅವನ ಜೊತೆಗಿದ್ದ ಒನೆಸಿಕ್ರಿಟಸ್, ಸಿನಿಕ್ ತತ್ವಜ್ಞಾನಿ ಡಯೋಜಿನಿಸ್‌ನ ಶಿಷ್ಯ, ತಕ್ಷಶಿಲೆಯ ಬಳಿ ನಗ್ನ ಸಂನ್ಯಾಸಿಗಳೊಡನೆ ಮಾತಿಗೆ ಕುಳಿತದ್ದನ್ನು ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ್ದಾನೆ. ನಡುವೆ ಮೂವರು ದುಭಾಷಿಗಳು. ಕೆಸರಿನೊಳಗಿಂದ ಹರಿದು ಬಂದ ನೀರು ತಿಳಿಯಾಗಿರಲು ಸಾಧ್ಯವೇ ಎಂದು ಅಲ್ಲಿನ ಹಿರಿಯ ಮಂಡನಿಸ್ ಕೇಳಿದನಂತೆ. ಆದರೂ ಒನೆಸಿಕ್ರಿಟಸ್‌ನಿಂದ ಪೈಥಾಗೊರಸ್, ಸಾಕ್ರೆಟಿಸರ ವಿಚಾರ ಕೇಳಿ, ಅವರು ವಿವೇಕಿಗಳೇ, ಆದರೆ ಪ್ರಕೃತಿಗಿಂತ ಲೋಕರೂಢಿಗೆ ಹೆಚ್ಚು ಬೆಲೆ ಕೊಟ್ಟದ್ದು ತಪ್ಪು ಎಂದು ತೀರ್ಪು ಕೊಟ್ಟ. ಅಲ್ಲಿ ಗುರುವೂ ಇರಲಿಲ್ಲ, ಶಿಷ್ಯನೂ ಇರಲಿಲ್ಲ. ಸರಿಸಮ ಕುಳಿತು ತೂಗಿ ನೋಡುವವರಿದ್ದರು. ಮುಂದೆ ಮೌರ್ಯ ದೊರೆ ಬಿಂದುಸಾರ ಸಿರಿಯಾದ ದೊರೆ ಆಂಟಿಯೋಕಸ್‌ನಿಗೆ ಸಿಹಿ ಮದ್ಯ, ಒಣ ಅಂಜೂರ ಮತ್ತು ಒಬ್ಬ ಪಂಡಿತನನ್ನು ಕೊಂಡು ಕಳಿಸುವಂತೆ ಬರೆದನೆಂಬ ಕಥೆಯಿದೆ. ಮದ್ಯ, ಅಂಜೂರ ಕಳಿಸುತ್ತೇನೆ, ಪಂಡಿತರನ್ನು ಮಾರುವುದು ನಮ್ಮ ಕಾನೂನಿನಲ್ಲಿಲ್ಲ ಎಂದು ಉತ್ತರ ಬಂತು.

ಆ ಬಿಂದುಸಾರನ ಮಗನ ಕಲ್ಲು ನಮ್ಮ ಭೀಮಾ ದಂಡೆಯಲ್ಲಿದೆ. ಯಾದಗಿರಿಯಿಂದ ಹೊಳೆಯ ಗುಂಟ ಮೇಲಕ್ಕೆ ಹೋದರೆ, ಚಿತ್ತಾಪುರ ತಾಲ್ಲೂಕಿನ ಸನ್ನತಿ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದ ಮೇಲೆ ಅಶೋಕನ ಶಾಸನದ ಚಪ್ಪಡಿ ಬೆಳಕಿಗೆ ಬಂತು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದರಲ್ಲಿ 12ನೆಯ ಬಂಡೆಶಾಸನದ ಭಾಗವಿದೆ: ಎಲ್ಲ ಪಂಥಗಳ ಸಾರವೂ ಬೆಳೆಯಲಿ, ನಾಲಿಗೆಯ ಮೇಲೆ ಹಿಡಿತವಿರಲಿ, ತನ್ನ ಪಂಥವನ್ನು ಹೊಗಳಲು ಪರರದನ್ನು ತೆಗಳುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎಂಬ ಶಾಸನ. ಇದೇ 12ನೆಯ ಶಾಸನದ ಕೊನೆಯ ಭಾಗ ಗ್ರೀಕ್ ಭಾಷೆಯಲ್ಲಿ ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ 1963ರಲ್ಲಿ ಸಿಕ್ಕಿತು. ಅಲ್ಲಿ ಪಂಥ ಎಂಬುದಕ್ಕೆ ಅನುವಾದಕ ಬಳಸಿದ್ದು ಗ್ರೀಕರು ತತ್ವಜ್ಞಾನಿಗಳ ಶಾಲೆಗಳಿಗೆ ಹೇಳುತ್ತಿದ್ದ ಮಾತನ್ನೇ. ಶ್ರಮಣರು, ಬ್ರಾಹ್ಮಣರು, ಆಜೀವಕರು ಅವನ ಕಣ್ಣಿಗೆ ಪ್ಲೇಟೊನ, ಅರಿಸ್ಟಾಟಲ್‌ನ ಶಾಲೆಯವರ ಸಾಲಿನಲ್ಲೇ ಕಂಡರು. ಭಾರತದಲ್ಲಿದ್ದುದು ಬರೀ ಭಕ್ತಿ, ವಿಚಾರವೆಲ್ಲ ಗ್ರೀಕರದು ಎನ್ನುವ ಪಾಶ್ಚಾತ್ಯ ಹಮ್ಮಿಗೆ ಆ ಕಾಲದ ಗ್ರೀಕ್ ಬರಹವೇ ಉತ್ತರ. ನಮ್ಮ ಭಾಗದ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಬಹಳ ದೂರ ಕರೆದೊಯ್ಯುತ್ತವೆ. ಸನ್ನತಿಗೂ ಕರೆದೊಯ್ಯಬೇಕು, ಗ್ರೀಕ್ ಪಾಠವನ್ನು ಆ ಕಲ್ಲಿನಿಂದ ಶುರು ಮಾಡಬಹುದು.

ತತ್ವಜ್ಞಾನ ಉಂಡು ಕುಳಿತವರ ಕೆಲಸ ಎಂಬ ಮಾತು ಉಳಿಯಿತು. ಸನ್ನತಿಯ ಚಪ್ಪಡಿ ಕೊರೆದ ಕಾಲದಲ್ಲಿ, ಕ್ರಿ.ಪೂ. 3ನೆಯ ಶತಮಾನದ ನಡುವೆ, ಅಥೆನ್ಸಿನ ಸ್ಟೋಯಿಕ್ ಶಾಲೆಯ ಮುಖ್ಯಸ್ಥನಾಗಿದ್ದವನು ಕ್ಲಿಯಾಂಥಿಸ್. ಏಷ್ಯಾ ಮೈನರಿನ ಅಸೊಸ್ ಊರಿನ ಮುಷ್ಟಿಕಾಳಗದ ಪಟು. ಕೈಯಲ್ಲಿ ಕಾಸಿಲ್ಲದೆ ಬಂದ ಅವನು ರಾತ್ರಿ ತೋಟಗಳಿಗೆ ನೀರು ಸೇದಿ ಹಾಕಿ, ಹಗಲು ಜೀನೊನ ಪಾಠ ಕೇಳಿದ. ಸಾಕ್ರೆಟಿಸ್ ಹೋಗಿ ಕೂತು ಮಾತಾಡುತ್ತಿದ್ದ ಜಾಗಗಳಲ್ಲಿ ಸೈಮನ್ ಎಂಬ ಚಮ್ಮಾರನ ಅಂಗಡಿಯೂ ಒಂದು ಎನ್ನುತ್ತದೆ ಪರಂಪರೆ. ಸುರಪುರ ಸೀಮೆಯ ಮುದನೂರಿನಲ್ಲಿ ಬಸವಣ್ಣನವರಿಗಿಂತ ಮೊದಲೇ ಮಗ್ಗದ ಮುಂದೆ ಕುಳಿತು ವಚನ ಕಟ್ಟಿದ ದೇವರ ದಾಸಿಮಯ್ಯನನ್ನು ಬಲ್ಲ ನಮ್ಮವರಿಗೆ ಈ ಇಬ್ಬರ ಪರಿಚಯ ಹೆಚ್ಚು ಮಾಡಿಸಬೇಕಾಗಿಲ್ಲ.