ಬೆಚ್ಚಗಿಡೋದು ಪುಕ್ಕ ಅಲ್ಲ, ಗಾಳಿ

ಚಳಿಗಾಲ ಬಂತು ಅಂದ್ರೆ ಡೌನ್ ರಜಾಯಿ, ಡೌನ್ ಸ್ಲೀಪಿಂಗ್ ಬ್ಯಾಗ್‌ಗಳ ಜಾಹೀರಾತು ಶುರು. ಬೆಲೆ ನೋಡಿದ್ರೇನೇ ಬೆವರು ಬರುತ್ತೆ. ಅಷ್ಟು ದುಡ್ಡು ಕೊಟ್ಟು ನಾವು ಕೊಳ್ಳೋದಾದ್ರೂ ಏನನ್ನ?

ಡೌನ್ ಅಂದ್ರೆ ಬಾತುಕೋಳಿ, ಹೆಬ್ಬಾತುಗಳ ಹೊರಗರಿಗಳ ಅಡಿಯಲ್ಲಿ ಬೆಳೆಯುವ ತುಪ್ಪುಳ. ಗರಿಗಿರುವ ಗಟ್ಟಿ ದಂಟು ಇದಕ್ಕಿಲ್ಲ. ನಡುವಿನ ಒಂದು ಚುಕ್ಕೆಯಿಂದ ನವಿರಾದ ಎಳೆಗಳು ಎಲ್ಲ ದಿಕ್ಕಿಗೂ ಚಾಚಿರುತ್ತವೆ. ಆ ಎಳೆಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ. ಅಲುಗಾಡದ ಗಾಳಿ ಶಾಖವನ್ನ ತುಂಬಾ ನಿಧಾನವಾಗಿ ದಾಟಿಸುತ್ತೆ. ಬಿಸಿ ಹುಟ್ಟೋದು ನಮ್ಮ ಮೈಯಲ್ಲೇ. ರಜಾಯಿ ಅದು ಬೇಗ ಸೋರಿಹೋಗದಂತೆ ತಡೆಯುತ್ತೆ, ಅಷ್ಟೆ.

ಯುರೋಪಿನವರು ಹಾಸಿಗೆಯಲ್ಲಿ ಹೊದೆಯುತ್ತಿದ್ದ ಈ ತುಪ್ಪುಳವನ್ನ ಜಾರ್ಜ್ ಫಿಂಚ್ ಅನ್ನೋ ರಸಾಯನಶಾಸ್ತ್ರಜ್ಞ 1922ರ ಬ್ರಿಟಿಷ್ ಎವರೆಸ್ಟ್ ಯಾತ್ರೆಗೆ ಕೋಟಾಗಿ ಹೊಲಿಸಿಕೊಂಡು ಹೋದರು. ಒಳಗೆ ಈಡರ್ ಬಾತಿನ ತುಪ್ಪುಳ, ಹೊರಗೆ ಗಾಳಿ ನುಗ್ಗದ ಬಲೂನ್ ಬಟ್ಟೆ. ಉಣ್ಣೆ, ಟ್ವೀಡ್ ತೊಟ್ಟಿದ್ದ ಜೊತೆಗಾರರು ಮೊದಲು ನಕ್ಕರು; ಆಮೇಲೆ ಆ ಕೋಟಿನ ಮೇಲೇ ಅವರ ಕಣ್ಣು. ಅದೇ ಯಾತ್ರೆಯಲ್ಲಿ ಫಿಂಚ್ ಮತ್ತು ಜೆಫ್ರಿ ಬ್ರೂಸ್ ಆಮ್ಲಜನಕದ ನೆರವಿನಿಂದ 8,300 ಮೀಟರ್ ದಾಟಿದರು.

ಈಗ ಬೆಲೆಗೆ ಬರೋಣ. ಲೇಬಲ್ ಮೇಲೆ 600, 800 ಅಂತ 'ಫಿಲ್ ಪವರ್' ಬರೆದಿರುತ್ತೆ. ಒಂದು ಔನ್ಸ್, ಅಂದ್ರೆ ಸುಮಾರು 28 ಗ್ರಾಂ ತುಪ್ಪುಳ ಎಷ್ಟು ಘನ ಇಂಚು ಉಬ್ಬುತ್ತೆ ಅನ್ನೋ ಲೆಕ್ಕ ಅದು. ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡಿ, ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಅಂತಲೂ ಕೇಳಿ. ಒಂದೇ ಅಳತೆಯ ಎರಡು ರಜಾಯಿಗಳಲ್ಲಿ ಒಂದಕ್ಕೆ 800ರ ತುಪ್ಪುಳ 300 ಗ್ರಾಂ, ಇನ್ನೊಂದಕ್ಕೆ 600ರದ್ದು 600 ಗ್ರಾಂ ಹಾಕಿದ್ರೆ, ಎರಡನೆಯದೇ ಒಂದೂವರೆ ಪಟ್ಟು ಉಬ್ಬಬಲ್ಲದು. ಮೊದಲನೆಯದು ಹಗುರ, ಆದ್ರೆ ಅಷ್ಟು ಬೆಚ್ಚಗಿರಲ್ಲ.

ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೋಗೋರು ಇದನ್ನ ಕೇಳ್ತಿದ್ರೆ ಎರಡು ಮಾತು. ತುಪ್ಪುಳ ಒದ್ದೆಯಾದ್ರೆ ಎಳೆಗಳೆಲ್ಲ ಮುದ್ದೆಯಾಗಿ, ಗಾಳಿ ನಿಲ್ಲೋಕೆ ಜಾಗವೇ ಇರಲ್ಲ. ಆದ್ರಿಂದ ಬ್ಯಾಗನ್ನ ನೀರಿಳಿಯದ ಚೀಲದಲ್ಲಿ ಇಟ್ಟುಕೊಳ್ಳಿ. ಇನ್ನೊಂದು, ಮಲಗಿದಾಗ ಮೈಯಡಿಯ ತುಪ್ಪುಳ ಭಾರಕ್ಕೆ ಅಪ್ಪಚ್ಚಿಯಾಗುತ್ತೆ. ಆಗ ಎಷ್ಟೇ ದುಬಾರಿ ಬ್ಯಾಗ್ ಇದ್ರೂ ತಣ್ಣನೆಯ ನೆಲ ಬೆನ್ನಿನಿಂದ ಬಿಸಿಯನ್ನ ಎಳೆದುಕೊಳ್ಳುತ್ತೆ. ಕೊರೆಯುವ ರಾತ್ರಿಯಲ್ಲಿ ಮೈಬಿಸಿ ಹೀಗೆ ಇಳಿಯುತ್ತಾ ಹೋದ್ರೆ ಪ್ರಾಣಕ್ಕೇ ಕುತ್ತು. ಬ್ಯಾಗಿಗೆ ದುಡ್ಡು ಹಾಕೋ ಮೊದಲು, ಅಡಿಗೆ ಹಾಸೋಕೆ ಒಳ್ಳೆ ಮ್ಯಾಟ್ ಒಂದನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಿ.