ಆಜ್ಞೆಗೂ ಒಂದು ಗಡಿ
1968ರ ಮಾರ್ಚ್ 16. ವಿಯೆಟ್ನಾಂನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನಿರಾಯುಧ ಹಳ್ಳಿಗರನ್ನು ಕೊಲ್ಲುತ್ತಿದ್ದಾಗ, ಅದೇ ಸೇನೆಯ ಪೈಲಟ್ ಹ್ಯೂ ಥಾಂಪ್ಸನ್ ಬಂದೂಕುಗಳಿಗೂ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದರು. ನನ್ನ ಮಟ್ಟಿಗೆ ಅಂದು ಶಿಸ್ತು ಉಳಿಸಿದವರು ಅವರೇ. ಕಂಡದ್ದನ್ನು ಮೇಲಧಿಕಾರಿಗಳಿಗೇ ವರದಿ ಮಾಡಿದರು. ಕೊಲ್ಲುವುದನ್ನು ನಿಲ್ಲಿಸುವ ಆದೇಶ ಬಂದದ್ದು ಆ ಬಳಿಕ.

ಪ್ರತಿ ಸಿಪಾಯಿಯೂ ಆಜ್ಞೆಯನ್ನು ತೂಗುತ್ತ ಕೂತರೆ ಸೈನ್ಯ ಉಳಿದೀತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗುಂಡು ಹಾರುವ ಹೊತ್ತಿನಲ್ಲಿ ಚರ್ಚೆಗೆ ಜಾಗವಿಲ್ಲ, ನಿಜ. ಆದರೆ ನಮ್ಮ 1950ರ ಸೇನಾ ಕಾಯ್ದೆಯ 41ನೇ ಕಲಮು ಕೂಡ ಶಿಕ್ಷಿಸುವುದು ‘ಕಾನೂನುಬದ್ಧ’ ಆಜ್ಞೆಯನ್ನು ಮೀರಿದವರನ್ನು. ಮಗುವಿಗೆ ಗುಂಡಿಕ್ಕು ಎಂಬ ಮಾತನ್ನು ತೂಗಲು ಎಷ್ಟು ಹೊತ್ತು ಬೇಕು? ಮೈ ಲಾಯ್‌ನ ಕೊಲೆಗಳಿಗೆ ಆಜ್ಞೆ ಪಾಲಿಸಿದೆನೆಂದು ವಾದಿಸಿದ ಲೆಫ್ಟಿನೆಂಟ್ ಕ್ಯಾಲಿಯನ್ನು 1971ರಲ್ಲಿ ಸೇನಾ ನ್ಯಾಯಾಲಯವೇ ಅಪರಾಧಿ ಎಂದಿತು. ಥಾಂಪ್ಸನ್‌ಗೆ ಸೋಲ್ಜರ್ಸ್ ಮೆಡಲ್ ಸಿಕ್ಕಿದ್ದು ಮಾತ್ರ ಮೂವತ್ತು ವರ್ಷ ತಡವಾಗಿ, 1998ರಲ್ಲಿ.