ಕೊಂಬಿಗೆ ಬಿರಡೆ ಇಲ್ಲ

ಕೊಡಗಿನ ಮದುವೆಯಲ್ಲಿ ವಾಲಗ ಶುರುವಾದ ಮೇಲೆ ಕುರ್ಚಿಯಲ್ಲಿ ಕೂತಿರುವುದು ಕಷ್ಟ. ಕೊಂಬು ಒಮ್ಮೆ ಕೂಗಿತೆಂದರೆ ಮಂಡಿನೋವಿನ ಅಜ್ಜಂದಿರೂ ಕೈಯೆತ್ತಿ ಹೆಜ್ಜೆ ಹಾಕುತ್ತಾರೆ. ಹಾಗಾಗಿ ‘ಕ್ಲೆಜ್ಮರ್’ ಎಂದರೇನೆಂದು ಯಾರಾದರೂ ಕೇಳಿದರೆ, ಪೂರ್ವ ಯುರೋಪಿನ ಯಹೂದಿಗಳ ವಾಲಗ ಎಂದುಬಿಡುತ್ತೇನೆ. ಅದೂ ಮದುವೆಮನೆಯ ಸಂಗೀತವೇ. ಹಿಂದೆ ಪಿಟೀಲು ಮುಂದಾಳಾಗಿತ್ತು, ಆಮೇಲೆ ಕ್ಲಾರಿನೆಟ್ ಬಂತು. ಅದರ ಜೊತೆ ಬೆಸೆಯಬಲ್ಲ ಇನ್ನೊಂದು ಸಂಗೀತ ಬ್ಲೂಗ್ರಾಸ್, ಅಮೆರಿಕದ್ದು. ಅಪಲೇಶಿಯನ್ ಬೆಟ್ಟಸೀಮೆಯ ಹಾಡುಗಳನ್ನು ಬೆನ್ನಿಗಿಟ್ಟುಕೊಂಡು ಕೆಂಟಕಿಯ ಬಿಲ್ ಮನ್ರೋ 1940ರ ದಶಕದಲ್ಲಿ ಅದಕ್ಕೆ ಈಗಿನ ರೂಪ ಕೊಟ್ಟರು. ಬ್ಯಾಂಜೊ, ಮ್ಯಾಂಡೊಲಿನ್ ಇಲ್ಲದೆ ಅದು ನಡೆಯದು. ಜಾಝ್ ಹೇಗಿದ್ದರೂ ನಮ್ಮ ಕಿವಿಗೆ ಹಳೆಯ ನೆಂಟ.

ನ್ಯೂಯಾರ್ಕಿನ ಆ್ಯಂಡಿ ಸ್ಟ್ಯಾಟ್ಮನ್ ಒಂದೇ ಕಛೇರಿಯಲ್ಲಿ ಕ್ಲಾರಿನೆಟ್ಟನ್ನೂ ಮ್ಯಾಂಡೊಲಿನ್ನನ್ನೂ ಹಿಡಿದು ಈ ಮೂರನ್ನೂ ಬೆಸೆಯುತ್ತಾರೆ. ಬೆಸುಗೆಯ ಗುಟ್ಟನ್ನು ಸರಳೆ ವರಸೆ ಕಲಿತವರು ಮನೆಯಲ್ಲೇ ಹಾಡಿ ನೋಡಬಹುದು. ಮಾಯಾಮಾಳವಗೌಳದ ನಿಷಾದವನ್ನು ಒಂದು ಮನೆ ಇಳಿಸಿ. ವಕುಳಾಭರಣ ಬಂತು. ಕ್ಲೆಜ್ಮರ್‌ನವರು ‘ಫ್ರೇಗಿಶ್’ ಎನ್ನುವ ಸ್ವರಗಳು ಇವೇ. ಬ್ಲೂಗ್ರಾಸ್‌ನ ಎಷ್ಟೋ ಮಟ್ಟುಗಳು ನಮ್ಮ ಮೋಹನದ ಐದು ಸ್ವರಗಳಲ್ಲಿ ಓಡಾಡುತ್ತವೆ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟರೆ ಷಡ್ಜ, ಗಾಂಧಾರ, ಪಂಚಮ ಎರಡರಲ್ಲೂ ಒಂದೇ. ಕೆಳಗೆ ಗಿಟಾರು ಆ ಮೂರನ್ನು ಹಿಡಿದು ನಿಂತಿರಲಿ, ಮೇಲೆ ರಿಷಭ, ಧೈವತ ಇಳಿದರೆ ಯಹೂದಿ ಮದುವೆ, ಏರಿದರೆ ಕೆಂಟಕಿಯ ಬೆಟ್ಟ.

ತಾಳದಲ್ಲೂ ಇಂಥದ್ದೇ ಒಂದು ಬಾಗಿಲಿದೆ. ಕ್ಲೆಜ್ಮರ್‌ನ ‘ಬುಲ್ಗರ್’ ಕುಣಿತ ಎಂಟು ಮಾತ್ರೆಯನ್ನು ತಕಿಟ-ತಕಿಟ-ತಕ ಎಂದು ಒಡೆಯುತ್ತದೆ. ಬ್ಲೂಗ್ರಾಸ್ ಅದೇ ಎಂಟನ್ನು ಎರಡೆರಡಾಗಿ ಎಣಿಸುತ್ತದೆ: ಬಾಸ್ ಪೆಟ್ಟಿನ ಮೇಲೆ, ಮ್ಯಾಂಡೊಲಿನ್ ಎದುರುಪೆಟ್ಟಿಗೆ. ಎರಡೂ ಒಟ್ಟಿಗೆ ನಡೆದು ಸಮಕ್ಕೆ ಬಂದು ಕೂಡುತ್ತವೆ. ಜಾಝ್ ಕೊಡುವುದು ಮನೋಧರ್ಮದ ಸರದಿ. ಒಬ್ಬರು ಬೆಳೆಸುವಾಗ ಉಳಿದವರು ತಗ್ಗಿ ನಡೆಯಬೇಕು.

ಕರ್ನಾಟಕಕ್ಕೆ ಇಂಥ ಬೆಸುಗೆ ಹೊಸತಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ದಂಪತಿ 1983ರಲ್ಲೇ ಚಾರ್ಲಿ ಮರಿಯಾನೊ ಎಂಬ ಜಾಝ್ ಸ್ಯಾಕ್ಸೊಫೋನ್ ವಾದಕರ ಜೊತೆ ‘ಜ್ಯೋತಿ’ ಆಲ್ಬಮ್ ಧ್ವನಿಮುದ್ರಿಸಿದರು. ನಾಗಸ್ವರದ ಮನೆಯಿಂದ ಸ್ಯಾಕ್ಸೊಫೋನಿಗೆ ಬಂದ ಕದ್ರಿ ಗೋಪಾಲನಾಥ್ ಅವರು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ನುಡಿಸಿದ ‘ಕಿನ್ಸ್‌ಮೆನ್’ 2008ರದ್ದು. ಇವೆರಡರಲ್ಲೂ ಯಾರೂ ಯಾರಿಗೂ ಅಲಂಕಾರವಾಗಿ ಕೂತಿಲ್ಲ.

ನಮ್ಮಲ್ಲಿ ತಪ್ಪುವುದು ಅಲ್ಲೇ. ಕಾಫಿ ತೋಟದ ನಡುವಿನ ಒಂದು ಫ್ಯೂಷನ್ ಕಾರ್ಯಕ್ರಮದಲ್ಲಿ ವಾಲಗದವರನ್ನು ಗೇಟಿನ ಬಳಿ ಸ್ವಾಗತಕ್ಕೆ ನಿಲ್ಲಿಸಿ, ವೇದಿಕೆಗೆ ಎರಡೇ ನಿಮಿಷ ಹತ್ತಿಸಿ, ಊಟಕ್ಕೆ ಕಳಿಸಿದ್ದನ್ನು ಕಂಡಿದ್ದೇನೆ. ಆ ಎರಡು ನಿಮಿಷವೂ ಅಪಶ್ರುತಿ. ಮೊದಲೇ ಕೂತು ಶ್ರುತಿ ನೋಡಿರಲಿಲ್ಲ.

ಕೊಂಬಿಗೆ ಬೆರಳು ಇಡುವ ತೂತುಗಳಿಲ್ಲ. ತುಟಿ, ಉಸಿರು ಬಿಗಿಮಾಡಿ ತೆಗೆಯುವ ಕೆಲವೇ ಸ್ವರಗಳು ಅದರಲ್ಲಿವೆ, ಅದರ ಶ್ರುತಿ ಅದನ್ನು ಮಾಡಿದ ಉದ್ದದಲ್ಲೇ ನಿಂತಿದೆ. ಆದ್ದರಿಂದ ವಾಲಗವನ್ನು ಕೂಡಿಸಿಕೊಳ್ಳುವ ಆಸೆಯಿದ್ದವರು ಮೊದಲು ಕೊಂಬು ಊದಿಸಿ ಕೇಳಿ, ಷಡ್ಜವನ್ನು ಅಲ್ಲಿಂದ ಹಿಡಿಯಿರಿ. ಗಿಟಾರಿಗೆ ಬಿರಡೆ ಇದೆ, ತಿರುಗಿಸಿಕೊಳ್ಳಲಿ.